ತಾಂಡೇಲನೆಂಬ ಕಾಯಿ

ಮೊನ್ನೆ ಮಣಿಪಾಲದ ನಮ್ಮ ಕಾಲೇಜಿನಲ್ಲಿ ಯಾರೋ ಹಳೆಯ ಬೆಂಚುಗಳಿಗೆ ಮರಳುಕಾಗದ ಉಜ್ಜುತ್ತಿದ್ದರು. ಹಲಸಿನ ಮರದ ಹುಡಿಯ ವಾಸನೆ ಮೂಗಿಗೆ ಬಡಿದದ್ದೇ, ಕಾಪುವಿನ ಆ ಬಡಗಿ ನೆನಪಾದರು...

ದೋಣಿ ರಿಪೇರಿ ಅವರ ಕಸುಬು. ನಾನು ಲೆಕ್ಕದ ಮೇಷ್ಟ್ರು. ವಿದ್ಯಾರ್ಥಿಗಳಿಗಾಗಿ ನೂರು ಮನೆಯ ಚೆಸ್ ಒಂದನ್ನು ರೂಪಿಸಿದ್ದೆ. ಅದಕ್ಕೊಂದು ಹೊಸ ಕಾಯಿ ಬೇಕಿತ್ತು: ಆನೆಯಂತೆ ನೇರ ಹೋಗುವ, ಕುದುರೆಯಂತೆ ಹಾರಲೂ ಬಲ್ಲ ಕಾಯಿ. ಕೆತ್ತಿಕೊಡಿ ಎಂದು ಹೋದರೆ ಅವರು ಉಳಿಯನ್ನೇ ಮುಟ್ಟಲಿಲ್ಲ.

"ಹೆಸರು ಎಂತ ಇದಕ್ಕೆ?"

"ಆನೆಗುದುರೆ ಅಂತ ಇಟ್ಟಿದ್ದೇನೆ."

"ಅದು ಎರಡು ಪ್ರಾಣಿ ಅಲ್ವಾ ಮಾರಾಯ್ರೆ. ಮುಖ ಯಾವುದರದ್ದು ಮಾಡಲಿ?"

ದಂಡನಾಯಕ ಎಂದೆ, ಅದು ಯಕ್ಷಗಾನದ ವೇಷವಾಯಿತು ಎಂದರು. ವಾರ ಕಳೆದ ಮೇಲೆ ಅವರೇ ಫೋನ್ ಮಾಡಿ, "ತಾಂಡೇಲ" ಎಂದರು. ಬೋಟು ನಡೆಸುವವ, ನೇರ ಹೋಗುತ್ತಾನೆ, ತೆರೆ ಎದ್ದರೆ ಹಾರಿಸುತ್ತಾನೆ. ಅವರ ಮಗನೂ ಮಲ್ಪೆಯ ಬೋಟೊಂದರಲ್ಲಿ ತಾಂಡೇಲನಾಗಿದ್ದ. ನಾನು ಕೂಡಲೇ ಒಪ್ಪಿದೆ.

ಕಾಯಿ ತರಲು ಹೋದ ಮಧ್ಯಾಹ್ನ, ಮಗನ ಬೋಟು ದಡಕ್ಕೆ ಬರಬೇಕಾದ ದಿನ ದಾಟಿ ಎರಡು ದಿನವಾಗಿತ್ತು. ಕಡಲು ಕೆಟ್ಟಿತ್ತು, ವಯರ್‌ಲೆಸ್‌ಗೆ ಉತ್ತರವಿರಲಿಲ್ಲ. ಹೊರಟು ನಿಂತ ನನ್ನನ್ನು ಅವರೇ ಕೂರಿಸಿದರು.

"ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ. ಒಂದು ಆಟ ಆಡುವ."

ಹೊಸ ಕಾಯಿಗಳನ್ನಿಟ್ಟು ಆಡಿದೆವು. ಹಲಗೆಯ ಪಕ್ಕದಲ್ಲೇ ಫೋನು. ಅವರ ಹೆಂಡತಿ ಬಾಗಿಲಲ್ಲಿ ನಿಂತೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಅವರ ತಾಂಡೇಲ ನನ್ನ ಒಂಟೆಯ ದಾರಿಗೆ ಸಿಕ್ಕಿಬಿದ್ದ. ಹೊಡೆಯಲು ಕೈ ಏಳಲಿಲ್ಲ. ಸುಮ್ಮನೆ ಒಂದು ಕಾಲಾಳನ್ನು ಸರಿಸಿದೆ.

ಅವರು ಕಾಲಾಳನ್ನು ಎತ್ತಿ ಹಿಂದಿದ್ದ ಮನೆಗೇ ಇಟ್ಟರು. "ಪಾಪ ನೋಡಬೇಡಿ. ಹೊಡೆಯಿರಿ. ಇದು ಮರದ ತುಂಡು."

ಹೊಡೆದೆ. ಹೆಂಡತಿ ಒಳಗೆ ಹೋಗಿಬಿಟ್ಟರು. ಬಡಗಿ ಸತ್ತ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮುಂದಿನ ನಡೆ ಆಡಿದರು; ಕುದುರೆಯನ್ನು ತಪ್ಪು ಮನೆಗೆ ಇಟ್ಟಿದ್ದರು. ನಾನು ನನ್ನ ನಡೆ ಆಡಿದೆ...

ಸಂಜೆ ನಾಲ್ಕರ ಹೊತ್ತಿಗೆ ಫೋನು ಬಂತು. ಇಂಜಿನ್ ಕೆಟ್ಟು ನಿಂತಿದ್ದ ಬೋಟನ್ನು ಇನ್ನೊಂದು ಬೋಟು ಎಳೆದು ತರುತ್ತಿತ್ತು. ಎಲ್ಲರೂ ಕ್ಷೇಮ. ಅವರು "ಹ್ಞೂಂ, ಹ್ಞೂಂ" ಎಂದಷ್ಟೇ ಹೇಳಿ ಫೋನಿಟ್ಟರು. ಮುಷ್ಟಿಯಲ್ಲಿದ್ದ ತಾಂಡೇಲನನ್ನು ಹಲಗೆಯ ಮೇಲೆ ನಿಲ್ಲಿಸಿದರು. ಅವರ ಹೆಂಡತಿಗೆ ನಾನೇ ಒಳಗೆ ಹೋಗಿ ಹೇಳಿದೆ.

ಕಳೆದ ವರ್ಷ ಅವರು ತೀರಿಕೊಂಡರು. ನನಗೆ ತಿಳಿಯುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಈಗ ವಿದ್ಯಾರ್ಥಿಗಳು ಇನ್ನೊಂದು ಕಾಯಿ ಸೇರಿಸಿದ್ದಾರೆ. ಹೆಸರು ಹೇಳಿ ಸರ್ ಎನ್ನುತ್ತಾರೆ. ಮೂರು ಹೆಸರು ಹೇಳಿದೆ, ಒಂದೂ ಬಾಯಿಗೆ ಹತ್ತಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳಲಿ... ಸದ್ಯಕ್ಕೆ ಅದರ ಮನೆಯಲ್ಲಿ ಒಂದು ಬಾಟಲಿಯ ಮುಚ್ಚಳವಿಟ್ಟು ಆಡುತ್ತಿದ್ದೇವೆ.