ಮಂಚದ ಕೆಳಗಿನ ಸಿಪ್ಪೆ

ಆರೋಗ್ಯವಂತರಿಂದ ನಮ್ಮ ಮನೆಗೆ ನಯಾಪೈಸೆಯ ಉಪಯೋಗವಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ಇರುವ ಸಂಗತಿ ಹೇಳುತ್ತಿದ್ದೇನೆ. ರೋಣದಲ್ಲಿ ದವಾಖಾನೆಯ ಎದುರಿಗೇ ನಮ್ಮ ಅಬ್ಬಾನ ಹಣ್ಣಿನ ಅಂಗಡಿಯಿದೆ. ಊರಿಗೆ ಜ್ವರ ಬಂದರೆ ನಮಗೆ ಹಬ್ಬ. ಊರು ಗಟ್ಟಿಮುಟ್ಟಾಗಿದ್ದರೆ ಉಳಿದ ಬಾಳೆಹಣ್ಣನ್ನೆಲ್ಲ ನಾವೇ ತಿನ್ನಬೇಕು. ಹದಿನೇಳಕ್ಕೇ ನನಗೆ ಈ ಮೈಕಟ್ಟು ಬಂದದ್ದು ವ್ಯಾಯಾಮದಿಂದ ಎಂದು ಕಾಲೇಜಿನಲ್ಲಿ ಹಬ್ಬಿಸಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಅದು ಊರಿನ ಆರೋಗ್ಯ.

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ನಾನೊಂದು ಶಾಸ್ತ್ರವನ್ನೇ ಕಂಡುಹಿಡಿದಿದ್ದೇನೆ. ಕೊಂಡ ಹಣ್ಣು ನೋಡಿ, ಕೊಂಡವರಿಗೂ ರೋಗಿಗೂ ಏನು ಸಂಬಂಧ ಎಂದು ಹೇಳಬಲ್ಲೆ. ಸೇಬು ಕೊಂಡರೆ ಬೀಗರು. ಮೋಸಂಬಿ ಕೊಂಡರೆ ಸ್ವಂತ ಅಣ್ಣತಮ್ಮ. ಬಾಳೆಹಣ್ಣು ಕೊಂಡು ಅದರಲ್ಲೂ ಚೌಕಾಸಿ ಮಾಡಿದರೆ, ಅಣ್ಣತಮ್ಮನೇ, ಆದರೆ ಹೊಲ ಪಾಲಾಗಿದೆ. ಇನ್ನು ರೋಗಿಯನ್ನು ಮಾತಾಡಿಸುವ ಕ್ರಮವೋ! ಅಬ್ಬಿಗೇರಿಯ ಒಬ್ಬ ಮುದುಕಪ್ಪನಿಗೆ ಎರಡು ಸಲ ವಾಂತಿಯಾದರೆ ಒಂದು ಟ್ರ್ಯಾಕ್ಟರ್ ತುಂಬ ಜನ ಬರುತ್ತಾರೆ. ಮಂಚದ ಸುತ್ತ ಕೂತು, ತಂದ ಹಣ್ಣನ್ನು ತಾವೇ ಸುಲಿದು ತಿಂದು, ಅದೇ ಕಾಯಿಲೆಯಿಂದ ಸತ್ತವರನ್ನೆಲ್ಲ ಹೆಸರು ಹಿಡಿದು ನೆನೆದು, ಸಿಪ್ಪೆಯನ್ನು ಮಂಚದ ಕೆಳಗೆ ಬಿಟ್ಟು ಹೋಗುತ್ತಾರೆ. ಮುದುಕಪ್ಪ ಮರುದಿನವೇ ಎದ್ದು ಮನೆಗೆ ನಡೆಯುತ್ತಾನೆ. ಗುಣವಾಗಿಯೋ, ಹೆದರಿಯೋ, ಹಸಿದೋ, ಡಾಕ್ಟರಿಗೂ ಗೊತ್ತಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಆಪಾಗೆ, ಅಂದರೆ ನನ್ನ ಅಕ್ಕನಿಗೆ, ಬೀಜಗಳ ಬಗ್ಗೆ ಓದಲು ಜರ್ಮನಿಯಲ್ಲಿ ಸೀಟು ಸಿಕ್ಕಿತು. ಅಬ್ಬಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನದು ಒಂದೇ ಪ್ರಶ್ನೆ.

"ಅಲ್ಲಿ ನೀ ಜಡ್ಡಿಗಿ ಬಿದ್ರ ಮಾತಾಡ್ಸಾಕ ಯಾರ್ ಬರ್ತಾರ?"

ನಗಬೇಡಿ. ಹಿಂದೊಮ್ಮೆ ದೂರದೂರಿನ ಲಾರಿ ಡ್ರೈವರ್ ಒಬ್ಬ ಕಾಲು ಮುರಿದುಕೊಂಡು ಇಲ್ಲಿ ಬಿದ್ದಿದ್ದ. ಯಾರೂ ಬರಲಿಲ್ಲ. ಅಬ್ಬಾ ನನ್ನ ಕೈಲಿ ದಿನಾ ಅವನಿಗೆ ಮೋಸಂಬಿ ಕಳಿಸುತ್ತಿದ್ದ. ವಾರ್ಡಿನಲ್ಲಿ ಅವನ ಮಂಚದ ಕೆಳಗೆ ಮಾತ್ರ ನೆಲ ಚೊಕ್ಕಟವಾಗಿತ್ತು. ಅದನ್ನು ನಾನು ಬಂದು ಹೇಳಿದಾಗ ಅಬ್ಬಾ ಆ ಹೊತ್ತಿನ ಚಹಾ ಮುಟ್ಟಲೇ ಇಲ್ಲ.

ಪರದೇಶಕ್ಕೆ ಓದಲು ಹೋಗುವವರು ಆರೋಗ್ಯ ವಿಮೆ ಮಾಡಿಸದಿದ್ದರೆ ಅಲ್ಲಿ ತರಗತಿಯ ಹೊಸ್ತಿಲನ್ನೂ ದಾಟಿಸುವುದಿಲ್ಲವಂತೆ. ಒಂದು ಸಂಜೆ ಆಪಾ ಮೊಬೈಲಿನಲ್ಲಿ ಆ ವಿಮೆಯ ಕರಾರುಗಳನ್ನು ಮನೆಮಂದಿಗೆಲ್ಲ ಓದಿ ಹೇಳಿದಳು. ಹಲ್ಲುನೋವು ಇದರಲ್ಲಿ ಸೇರಿಲ್ಲ ಎಂದಾಗ, ಬಾಯಲ್ಲಿ ಒಂದೂ ಹಲ್ಲಿಲ್ಲದ ನಮ್ಮ ದಾದಿ, ಅಂದರೆ ಅಬ್ಬಾನ ಅಮ್ಮ, ಹಂಗಾದರೆ ಹಲ್ಲು ಇಲ್ಲೇ ತೆಗೆಸಿಟ್ಟು ಹೋಗಲಿ, ತಾನು ಕಾಯುತ್ತೇನೆ ಎಂದಳು. ಸತ್ತರೆ ಊರಿಗೆ ತಲುಪಿಸುತ್ತಾರೆ ಎಂಬ ಸಾಲನ್ನು ಆಪಾ ಜೋರಾಗಿ ಕೆಮ್ಮಿ ದಾಟಿದಳು. ಆಮೇಲೆ ಬಂತು ನೋಡಿ ಆ ಕರಾರು: ವಿದ್ಯಾರ್ಥಿ ಒಂದು ವಾರ ಮೀರಿ ಆಸ್ಪತ್ರೆಯಲ್ಲಿ ಮಲಗಿದರೆ, ನೋಡಲು ಬರುವ ಒಬ್ಬ ಸಂಬಂಧಿಕರಿಗೆ ಹೋಗಿ ಬರುವ ವಿಮಾನದ ಖರ್ಚು ಕಂಪನಿಯದೇ.

ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ. ಅಂದಿನದು ಶುದ್ಧ ಕನ್ನಡದಲ್ಲಿ ನಡೆಯಿತು. ಹೆತ್ತವಳು ತಾನು ಎಂದು ಅಮ್ಮಿ. ಹೆತ್ತವರನ್ನು ಸಾಕಿದವಳು ತಾನು ಎಂದು ದಾದಿ. ಗಜೇಂದ್ರಗಡದಿಂದ ಬಂದಿದ್ದ ಮಾಮು, ಇಡೀ ಖಾನದಾನಿನಲ್ಲಿ ಪಾಸ್‌ಪೋರ್ಟ್ ಇರುವುದು ತನಗೊಬ್ಬನಿಗೇ ಎಂದು ಮೀಸೆ ತೀಡಿದ. ನಾನು ಇಂಗ್ಲಿಷ್ ಬಲ್ಲವನೆಂದು, ಹಣ್ಣಿನ ಶಾಸ್ತ್ರಜ್ಞನೆಂದು ನನ್ನ ಹೆಸರು ಮುಂದಿಟ್ಟೆ. ಒಂದು ವಾರ ಹಿಡಿಯಬೇಕಾದರೆ ಯಾವ ಜಡ್ಡು ಚಲೋ ಎಂಬ ಚರ್ಚೆಯೂ ಆಯಿತು. ದಾದಿ ಕಾಮಾಲೆಯನ್ನು ಎತ್ತಿ ಹಿಡಿದಳು. ಮಾಮು ಕಾಲು ಮುರಿಯುವುದೇ ವಾಸಿ, ಊಟಕ್ಕೆ ಪಥ್ಯವಿರುವುದಿಲ್ಲ ಎಂದ.

ಆಪಾ ಮೊಬೈಲ್ ಕೆಳಗಿಟ್ಟಳು. "ನಾ ಓದಾಕ ಹೊಂಟೀನ್ರಿ, ಮಲಗಾಕಲ್ಲ."

ಆಗ ಅಬ್ಬಾ ಬಾಯಿ ಬಿಟ್ಟ. "ಒಬ್ಬಾಂವ ಬಂದು ಏನ್ ಮಾಡ್ತಾನ? ದವಾಖಾನಿಗಿ ಒಬ್ಬಾಂವ ಬರೂದು ಬಿಲ್ ಕಟ್ಟಾಕ."

ಸೀಟು ಕೈತಪ್ಪಿತು ಎಂದೇ ಎಲ್ಲರೂ ತಿಳಿದೆವು. ಆಪಾ ಎದ್ದು ಒಳಗೆ ಹೋದಳು. ತುಸು ಹೊತ್ತಾದ ಮೇಲೆ ಅಬ್ಬಾ ನನ್ನನ್ನು ಕರೆದ.

"ಮೊಬೈಲ್‌ನ್ಯಾಗ ಅಕಿ ಹೋಗೋ ಊರು ಕಾಣ್ತೈತೇನು? ದವಾಖಾನಿ ಮುಂದ ಹಣ್ಣಿನ ಅಂಗಡಿ ಐತೇನು ನೋಡು. ಅಂಗಡಿ ಐತಿ ಅಂದ್ರ ಮಾತಾಡ್ಸಾಕ ಬರೋ ಮಂದೀನೂ ಅದಾರ."

ಇದು ನನ್ನ ಶಾಸ್ತ್ರದ ತಿರುವುಮುರುವು! ನಾನು ಮೊಬೈಲಿನ ನಕಾಶೆಯಲ್ಲೇ ಜರ್ಮನಿಗೆ ಇಳಿದೆ. ಮೊದಲ ಆಸ್ಪತ್ರೆಯ ಎದುರು ಬರೀ ಕಾರುಗಳು. ಎರಡನೆಯದರ ಎದುರು ಬ್ಯಾಂಕು. ಬೀದಿ ಬೀದಿ ಅಲೆದು ಕೊನೆಗೊಂದು ಆಸ್ಪತ್ರೆಯ ಎದುರು ಹಸಿರು ಚಪ್ಪರ, ಅದರ ಕೆಳಗೆ ಕಿತ್ತಳೆಯ ಪೆಟ್ಟಿಗೆಗಳು ಕಂಡವು. ಆಪಾಳನ್ನೂ ಎಳೆದುಕೊಂಡು ಬಂದು ತೋರಿಸಿದೆ. ಅಬ್ಬಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ದೊಡ್ಡ ಹಣ್ಣು ಮುಂದ ಇಟ್ಟಾನ. ದಂಧೆ ಬಲ್ಲಾಂವ," ಎಂದ. ಆಮೇಲೆ ಆಪಾಳ ಕಡೆ ತಿರುಗಿ, "ಹೋಗಿ ಬಾ," ಎಂದ.

ಆ ಆಸ್ಪತ್ರೆಯ ಫಲಕದ ಮೇಲೆ ಒಂದು ನಾಯಿ, ಒಂದು ಬೆಕ್ಕಿನ ಚಿತ್ರವಿತ್ತು. ನನ್ನ ಹೆಬ್ಬೆರಳು ಆಕಸ್ಮಿಕವಾಗಿ ಸರಿಯಾಗಿ ಅದರ ಮೇಲೆಯೇ ಇತ್ತು. ಆಪಾ ನನ್ನ ಕಾಲು ತುಳಿದಳು, ಆದರೆ ಮೆಲ್ಲಗೆ ತುಳಿದಳು.

ಹೋದವಳಿಗೆ ಅಲ್ಲಿಯ ಮೊದಲ ಚಳಿಗೇ ಜ್ವರ ಬಂತು. ಆಸ್ಪತ್ರೆ ಸೇರುವಷ್ಟೇನಲ್ಲ, ಕೋಣೆಯಲ್ಲೇ ಮಲಗಿದ್ದಳು. ಸುದ್ದಿ ಕೇಳಿ ಮಾಮು ಗಜೇಂದ್ರಗಡದಿಂದ ಫೋನ್ ಮಾಡಿ, ವಾರ ಹಿಡಿಯುವ ಲಕ್ಷಣವೇನಾದರೂ ಇದೆಯೇ ಎಂದು ವಿಚಾರಿಸಿದ. ನಾನು ಅಂಗಡಿಯಿಂದ ಆಪಾಗೆ ಫೋನ್ ಹಚ್ಚಿದ ಕೂಡಲೇ ಅಬ್ಬಾ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡ. ಜ್ವರ ಎಷ್ಟಿದೆ ಎಂದು ಕೇಳಲಿಲ್ಲ.

"ಯಾರರ ಮಾತಾಡ್ಸಾಕ ಬಂದಿದ್ರೇನು?"

ಬಂದಿದ್ದರಂತೆ. ಅಕ್ಕಪಕ್ಕದ ಕೋಣೆಗಳ ಹುಡುಗಿಯರು, ಒಬ್ಬೊಬ್ಬಳದು ಒಂದೊಂದು ದೇಶ. ಕಿತ್ತಳೆ ತಂದಿದ್ದರು, ಬಹಳ ಹೊತ್ತು ಕೂತಿದ್ದರು.

"ಹಣ್ಣು ನಿನಗ ಕೊಟ್ರೋ, ತಾವ ತಿಂದ್ರೋ?"

ಆಪಾ ನಕ್ಕದ್ದು ನನಗೂ ಕೇಳಿಸಿತು. "ಎಲ್ಲಾ ತಾವ ತಿಂದ್ರು, ಅಬ್ಬಾ. ಸಿಪ್ಪಿ ಇಲ್ಲೇ ಬಿಟ್ಟು ಹೋಗ್ಯಾರ."

ಅಬ್ಬಾ ಮೊಬೈಲ್ ನನಗೆ ಕೊಟ್ಟು, ಒರೆಸಿದ ತಕ್ಕಡಿಯನ್ನೇ ಮತ್ತೊಮ್ಮೆ ಒರೆಸತೊಡಗಿದ.

"ಹಂಗಾರ ಚಿಂತಿಲ್ಲ ಬಿಡು," ಎಂದ. "ಅಲ್ಲೂ ನಮ್ಮ ಮಂದೀನ ಅದಾರ."