ಇಳಕಲ್ಲಿನ ನೀರನ್ನು ಬೈದದ್ದು

ಬಾಗಲಕೋಟೆಯಲ್ಲಿ ರೈಲಿಳಿದು, ಚಕ್ಕಡಿಯಲ್ಲಿ ಹುನಗುಂದ ದಾಟಿ ಇಳಕಲ್ಲಿನ ಬಾಡಿಗೆ ಮನೆಗೆ ಕಾಲಿಟ್ಟಾಗ, ನೆಲದಿಂದ ಅರ್ಧ ಮನುಷ್ಯನೊಬ್ಬ "ಬರ್ರಿ, ಒಳಗ ಬರ್ರಿ" ಎಂದ. ನಾನು ಯಜಮಾನರ ಬೆನ್ನ ಹಿಂದೆ ಅವಿತೆ. ಆತ ಮನೆಯೊಡೆಯ ನೇಕಾರ. ಇಲ್ಲಿಯವರು ಮಗ್ಗದ ಬುಡದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ಸೀರೆ ನೇಯುತ್ತಾರೆ. ಯಜಮಾನರ ಸೀರೆ ವ್ಯಾಪಾರ ನನ್ನನ್ನು ಮೈಸೂರಿನಿಂದ ಇಲ್ಲಿಗೆ ತಂದಿತ್ತು.

ನಮ್ಮಲ್ಲಿ ಅನ್ನ, ಇಲ್ಲಿ ಜೋಳದ ರೊಟ್ಟಿ. ಅದಕ್ಕೆ ಹೊಂದಿಕೊಂಡೆ. ಆದರೆ ಎರಡನೇ ತಿಂಗಳ ಮುಟ್ಟು ಕಳೆದ ಮೇಲೆ ಯೋನಿಯಲ್ಲಿ ಉರಿ, ತುರಿಕೆ. ಬಾವಿಯ ಸವುಳು ನೀರನ್ನು ಬೈದೆ. ಸಾಬೂನು ಹಚ್ಚಿದೆ, ಪಟಿಕದ ನೀರಿನಿಂದ ಒಳಗೂ ತೊಳೆದೆ. ತೊಳೆದಷ್ಟೂ ಉರಿ ಹೆಚ್ಚಿತು. "ಈ ಊರಿನ ನೀರು ಒಗ್ಗದು" ಎಂದಷ್ಟೇ ಹೇಳಿದ್ದಕ್ಕೆ ಯಜಮಾನರು ತವರಿಗೆ ಬಿಟ್ಟುಬರಲು ಸಿದ್ಧರಾದರು. ಮದುವೆಯಾಗಿ ವರ್ಷ ತುಂಬಿಲ್ಲ. ಗಂಡ ಬಿಟ್ಟವಳು ಎನ್ನಿಸಿಕೊಳ್ಳಲು ಬೇರೇನು ಬೇಕು?

ಅಳುತ್ತ ಗಂಟು ಕಟ್ಟುತ್ತಿದ್ದೆ. ನೇಕಾರನ ಹೆಂಡತಿ ಗಂಗವ್ವ ಬಂದು ಪಕ್ಕದಲ್ಲಿ ಕೂತಳು.

"ನೀ ನಡಿಯೂದು ನೋಡೇನಿ ತಂಗಿ. ಕೆಳಗ ಉರೀತೈತೇನು? ಮುಟ್ಟಿನಾಗ ಯಾವ ಅರಿವಿ ಕಟ್ಕೊಂಡಿದ್ದಿ?"

ಅರಿವಿ ಎಂದರೆ ಬಟ್ಟೆ. ಕುಪ್ಪಸಕ್ಕೆಂದು ಅವಳೇ ಕೊಟ್ಟಿದ್ದ ಕೆಂಪು ತುಂಡುಗಳನ್ನು ತೋರಿಸಿದೆ, ಸಾಬೂನು, ಪಟಿಕದಿಂದ ತೊಳೆದದ್ದನ್ನೂ ಹೇಳಿದೆ. ತವರಿನಲ್ಲಿ ಅಮ್ಮ ಹಳೆಯ ಪಂಚೆ ಹರಿದು ಕೊಡುತ್ತಿದ್ದಳು. ಹೊಸ ಸಂಸಾರದಲ್ಲಿ ಹಳೆಯ ಬಟ್ಟೆ ಎಲ್ಲಿಂದ ಬರಬೇಕು?

"ಅಯ್ಯ, ಇದು ಮಗ್ಗದಿಂದ ಇಳಿಸಿದ್ದು. ಗಂಜಿ ಹೋಗಿಲ್ಲ, ಹಸಿ ಬಣ್ಣನೂ ಹೋಗಿಲ್ಲ, ಅದಕ್ಕ ಉರೀತೈತಿ. ಅದರ ಮ್ಯಾಲ ಸಾಬಾಣ ಬ್ಯಾರೆ. ಒಳಗ ಏನೂ ಹಾಕಬ್ಯಾಡ, ಒಳಗಿಂದು ತನ್ನಷ್ಟಕ್ಕ ತಾನ ಸ್ವಚ್ಛ ಆಕ್ಕೈತಿ. ಹೊರಗ ಬರೇ ನೀರು ಸಾಕು. ಅರಿವಿ ಬಿಸಲಾಗ ಒಣಗಿಸು. ಕಡಿಮಿ ಆಗಲಿಲ್ಲಂದ್ರ, ನಾತ ಬಂದ್ರ, ಹುಣ್ಣಾದ್ರ, ನಾನ ದವಾಖಾನಿಗಿ ಕರ್ಕೊಂಡು ಹೋಗ್ತೇನಿ."

"ಬಿಸಿಲಿನಲ್ಲೇ? ಗಂಡಸರು ನೋಡಲ್ವೇ?"

"ನೋಡ್ಲಿ ಬಿಡು. ಈ ಊರಾಗ ಎಲ್ಲಾರೂ ಅರಿವಿ ನೋಡೇ ಹೊಟ್ಟಿ ಹೊರೀತಾರ."

ನಗು ಬಂತು, ಅದರ ಹಿಂದೆಯೇ ಅಳು. ಅವಳು ಒಳಗೆ ಹೋಗಿ, ಒಗೆದೊಗೆದು ಮೆತ್ತಗಾಗಿದ್ದ ತನ್ನದೇ ಸೀರೆಯೊಂದನ್ನು ತಂದು ಪರ್‍ರನೆ ಹರಿದಳು. ವಾರದೊಳಗೆ ಉರಿ ಇಳಿಯಿತು. ಗಂಟು ಬಿಚ್ಚಿದೆ.

ಮೈಸೂರಿಗೆ ಹೋದಾಗ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಎಲ್ಲವನ್ನೂ ಹೇಳುತ್ತೇನೆ, ಈ ಉರಿಯ ವಿಷಯವೊಂದನ್ನು ಬಿಟ್ಟು. ಗಂಗವ್ವನಿಗೆ ಇದೊಂದನ್ನು ಹೇಳಬಲ್ಲೆ. ಅಮ್ಮನ ನೆನಪಾಗಿ ಅಳು ಬಂದರೆ ಮಾತ್ರ ಅವಳಿಗೂ ಕಾಣದಂತೆ ಗೋಡೆಯ ಕಡೆ ತಿರುಗುತ್ತೇನೆ.