ಒಂದೇ ಮೇಜು, ಮೂರು ಕೋಣೆ

ದೂರದೂರ ಕುಳಿತವರು ಒಂದೇ ತಂಡವಾಗಿ ಹೇಗೆ ದುಡಿಯುತ್ತಾರೆ ಎಂಬುದು ಅವಳ ಸಂಶೋಧನೆಯ ವಿಷಯ. "ಅದನ್ನ ನೋಡೋಕೂ ಸಂಬಳ ಕೊಡ್ತಾರೇನೇ?" ಎಂದು ಅಮ್ಮ ಇವತ್ತಿಗೂ ಕೇಳುತ್ತಾರೆ. ಕೊಡುತ್ತಾರೆ, ಗುತ್ತಿಗೆ ಮುಂದುವರಿದರೆ. ಈ ಸಲದ ವರದಿ ನಿರ್ದೇಶಕರಿಗೆ ಹಿಡಿಸದಿದ್ದರೆ, ತಲೆ ನರೆಯುವ ವಯಸ್ಸಿನಲ್ಲಿ ಅವಳು ಹೊಸ ಕೆಲಸ ಹುಡುಕಬೇಕು.

ತಂಡದಲ್ಲಿ ಇನ್ನಿಬ್ಬರು. ಅಂಕಿಅಂಶ ನೋಡಿಕೊಳ್ಳುವವನಿಗೆ ಲೆಕ್ಕಪ್ಪ ಎಂಬ ಅಡ್ಡಹೆಸರು. ಸಂದರ್ಶನ ಮಾಡುವವಳು ಚಿಕ್ಕವಳು, ಇವಳನ್ನು ಅಕ್ಕ ಎನ್ನುತ್ತಾಳೆ. ಮೂವರದೂ ಬೇರೆ ಬೇರೆ ಊರು. ವರ್ಷಗಳಿಂದ ಪರದೆಯ ಮೇಲಷ್ಟೇ ಭೇಟಿ. ಒಂದು ಕಹಿ ಮಾತು ಬಂದದ್ದಿಲ್ಲ. ಒಗ್ಗಟ್ಟಿಗೆ ದೂರ ಅಡ್ಡಿಯಲ್ಲ ಎಂಬ ಅವರ ವರದಿಗೆ ಅವರೇ ಸಾಕ್ಷಿ.

ಇಂಥ ವರದಿಯನ್ನು ದೂರ ದೂರ ಕುಳಿತು ಬರೆಯುವುದು ಸರಿಯಲ್ಲ ಎಂದು ನಿರ್ದೇಶಕರಿಗೆ ಹೊಳೆಯಿತು. "ಮುಖ ನೋಡ್ಕೊಂಡು ಕೂತ್ರೆ ಆ ಹುರುಪೇ ಬೇರೆ ಮೇಡಂ," ಎಂದು ಮೂವರನ್ನೂ ಸಂಸ್ಥೆಯ ಅತಿಥಿಗೃಹಕ್ಕೆ ಕರೆಸಿ, ಸಭಾಕೊಠಡಿಯ ಬೀಗದ ಕೈ ಕೊಟ್ಟರು.

ಹುರುಪು ಬಂತು. ಯೋಚಿಸುವಾಗ ಲೆಕ್ಕಪ್ಪ ಪೆನ್ನನ್ನು ಟಕಟಕ ಒತ್ತುತ್ತಾನೆ ಎಂಬುದನ್ನು ಇಷ್ಟು ವರ್ಷ ಮ್ಯೂಟ್ ಆಗಿರುತ್ತಿದ್ದ ಅವನ ಮೈಕು ಮುಚ್ಚಿಟ್ಟಿತ್ತು.

"ಅಕ್ಕಾ, ಇವ್ರ ಪೆನ್ ಕಿತ್ಕೊಳ್ಳಿ, ಇಲ್ಲಾಂದ್ರೆ ನಾನೇ ಕಿತ್ಕೋತೀನಿ," ಎಂದಳು ಚಿಕ್ಕವಳು.

"ನೀನು ಒಂದೊಂದು ಸಾಲೂ ಗೊಣಗ್ತಾ ಓದ್ತೀಯಲ್ಲ ತಾಯೀ, ಅದಕ್ಕೇನ್ ಮಾಡೋಣ?"

"ಇಬ್ರೂ ಸುಮ್ನಿರ್ರಪ್ಪ," ಎಂದಳು ಅಕ್ಕ.

"ಮೊದ್ಲು ನೀವು ಆ ಬಿಸ್ಕತ್ತು ಕುರುಕೋದು ನಿಲ್ಸಿ!" ಇಬ್ಬರೂ ಒಟ್ಟಿಗೇ ತಿರುಗಿಬಿದ್ದರು. ಆ ಕೋಣೆಯಲ್ಲಿ ಮೂಡಿದ ಮೊದಲ ಒಮ್ಮತ ಅದು.

ಮರುದಿನವೂ ಇದೇ ಪಾಡು. ವರದಿ ಮೊದಲ ಪುಟ ದಾಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು, ಮೂವರೂ ಒಳಗಿದ್ದಾರೆಂದು ನಿರ್ದೇಶಕರು ತಿಳಿಯಲೆಂದು ಸಭಾಕೊಠಡಿಯ ದೀಪ, ಫ್ಯಾನು ಹಾಕಿಟ್ಟು, ಬಾಗಿಲು ಎಳೆದುಕೊಂಡು, ಇಬ್ಬರನ್ನೂ ಅವರವರ ಕೋಣೆಗೆ ಅಟ್ಟಿದಳು. ಅಕ್ಕಪಕ್ಕದ ಮೂರು ಕೋಣೆಗಳಲ್ಲಿ ಕುಳಿತು ಕರೆ ಮಾಡಿಕೊಂಡರು.

"ಅಕ್ಕಾ, ನನ್ ದನಿ ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಕಣೇ, ಗೋಡೆಯಿಂದಾನೂ."

ಸಂಜೆಯೊಳಗೆ ವರದಿ ಮುಗಿಯಿತು. ಜಗಳವೂ.

ನಿರ್ದೇಶಕರು ಪುಟ ತಿರುವಿ ಹಿಗ್ಗಿದರು. "ನಾನ್ ಹೇಳ್ಲಿಲ್ವಾ? ಒಂದೇ ಮೇಜಿಗೆ ಕೂತ್ರೆ ಹೀಗೇ ನೋಡಿ! ನಿಮ್ಮ ಗುತ್ತಿಗೆ ಮುಂದುವರಿಸ್ತೀನಿ. ಆದ್ರೆ ಇನ್ಮೇಲೆ ತಿಂಗಳಿಗೊಂದ್ಸಲ ಮೂವರೂ ಇಲ್ಲೇ ಸೇರ್ಬೇಕು."

ನಿಜ ನಾಲಿಗೆಯ ತುದಿಯವರೆಗೆ ಬಂತು. ಗುತ್ತಿಗೆ ಎಂಬ ಮಾತು ಕಿವಿಯಲ್ಲಿನ್ನೂ ಬಿಸಿಯಾಗಿತ್ತು. ಅವಳು ನಿಜವನ್ನು ನುಂಗಿಕೊಂಡಳು.

"ಆಗ್ಲಿ ಸರ್. ಕೋಣೆ ಮಾತ್ರ ಒಬ್ಬೊಬ್ರಿಗೂ ಬೇರೆ ಬೇರೆ ಮಹಡೀಲಿ ಕೊಡ್ಸಿ."